ಡಬ್ಬಿ ಮೇಲೆ 3350 ಅಂತಿದೆ, ಒಳಗೆ ಎಷ್ಟು ತೂಕದ ಅಣುಗಳಿವೆ?

ಮಲಬದ್ಧತೆಗೆ ಡಾಕ್ಟರು ಬರೆದುಕೊಡುವ ಒಂದು ಬಿಳಿ ಪುಡಿ ಇದೆ, ನೀರಿನಲ್ಲಿ ಕದಡಿ ಕುಡಿಯುವಂಥದ್ದು. ಕೊಲೊನೊಸ್ಕೋಪಿಗೆ ಮುಂಚೆ ಹೊಟ್ಟೆ ಖಾಲಿ ಮಾಡಿಸುವುದಕ್ಕೂ ಅದನ್ನು ಲೀಟರುಗಟ್ಟಲೆ ನೀರಿನಲ್ಲಿ ಬೆರೆಸಿ ಕುಡಿಸುತ್ತಾರೆ. ಅದರ ಮೇಲೆ ಪಾಲಿಇಥಿಲೀನ್ ಗ್ಲೈಕಾಲ್ 3350 ಎಂದಿರುತ್ತದೆ. ಚಿಕ್ಕದಾಗಿ ಪೆಗ್ 3350.

ಆ 3350 ಅಣುವಿನ ತೂಕ. ಸಕ್ಕರೆಯ ಅಣುವಿನ ತೂಕ 342 ಅಂದರೆ ಸಕ್ಕರೆಯ ಯಾವ ಅಣು ತೆಗೆದುಕೊಂಡರೂ ಹೆಚ್ಚುಕಡಿಮೆ ಅಷ್ಟೇ. ಪೆಗ್‌ನಲ್ಲಿ ಹಾಗಲ್ಲ. ಅದು ಪಾಲಿಮರ್, ಒಂದೇ ಬಗೆಯ ಕೊಂಡಿ ಸಾಲಾಗಿ ಸೇರಿ ಆದ ಸರಪಳಿ. ಪ್ರತಿ ಕೊಂಡಿಯಲ್ಲಿ ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಒಂದು ಆಕ್ಸಿಜನ್, ತೂಕ 44. ಹೂವಿನವರು ಮೊಳ ಹಾಕಿ ಮಲ್ಲಿಗೆ ಕತ್ತರಿಸಿ ಕೊಡುವಾಗ ಒಂದರಲ್ಲಿ ನಾಲ್ಕು ಹೂವು ಜಾಸ್ತಿ, ಇನ್ನೊಂದರಲ್ಲಿ ಆರು ಕಡಿಮೆ ಇರುತ್ತದಲ್ವಾ, ಇಲ್ಲೂ ಹಾಗೇ: ಒಂದು ಸರಪಳಿಯಲ್ಲಿ 70 ಕೊಂಡಿ, ಪಕ್ಕದ್ದರಲ್ಲಿ 76, ಮತ್ತೊಂದರಲ್ಲಿ 83. ಡಬ್ಬಿ ಮೇಲಿನ ಸಂಖ್ಯೆ ಸರಾಸರಿ ಮಾತ್ರ.

ಸರಾಸರಿ ಅಂದರೂ ಯಾವ ಸರಾಸರಿ ಅನ್ನುವ ಪ್ರಶ್ನೆ ಬರುತ್ತದೆ. 1000, 2000, 3000 ತೂಕದ ಮೂರು ಸರಪಳಿಗಳಿವೆ ಅಂದುಕೊಳ್ಳಿ. ಕೂಡಿಸಿ ಮೂರರಿಂದ ಭಾಗಿಸಿದರೆ 2000. ಇದು ಸಂಖ್ಯಾ ಸರಾಸರಿ. ಆದರೆ ಭಾರದ ಸರಪಳಿಗೆ ಅದರ ಭಾರಕ್ಕೆ ತಕ್ಕ ಮರ್ಯಾದೆ ಕೊಟ್ಟು ಲೆಕ್ಕ ಹಾಕಿದರೆ 2333 ಬರುತ್ತದೆ. ಇದು ತೂಕದ ಸರಾಸರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.17. ಈ ಮೂರನೇ ಸಂಖ್ಯೆಗೆ ಡಿಸ್ಪರ್ಸಿಟಿ ಅನ್ನುತ್ತಾರೆ. ಎಲ್ಲ ಸರಪಳಿಗಳೂ ಒಂದೇ ಉದ್ದವಿದ್ದರೆ ಅದು ಸರಿಯಾಗಿ 1. ಚದುರಿದಷ್ಟೂ ಏರುತ್ತದೆ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಾಲಿಮರ್ ಲ್ಯಾಬುಗಳಲ್ಲಿ ದಿನನಿತ್ಯ ಇದನ್ನು ಅಳೆಯುವುದು ಜಿಪಿಸಿ ಎಂಬ ಉಪಕರಣದಿಂದ. ಸಣ್ಣ ಸಣ್ಣ ರಂಧ್ರಗಳಿರುವ ಮಣಿಗಳನ್ನು ತುಂಬಿದ ಕೊಳವೆಯಲ್ಲಿ ಪಾಲಿಮರ್ ದ್ರಾವಣವನ್ನು ಹರಿಸುತ್ತಾರೆ. ದೊಡ್ಡ ಸರಪಳಿಗಳು ರಂಧ್ರದೊಳಗೆ ಹೋಗಲಾಗದೆ ಬೇಗ ಹೊರಬರುತ್ತವೆ, ಸಣ್ಣವು ಒಳಗೆಲ್ಲ ಸುತ್ತಾಡಿ ತಡವಾಗಿ ಬರುತ್ತವೆ. ಒಳ್ಳೆಯ ಉಪಕರಣವೇ. ಆದರೆ ಸಾಮಾನ್ಯ ಜಿಪಿಸಿ ಅಳೆಯುವುದು ತೂಕವನ್ನಲ್ಲ, ದ್ರಾವಣದಲ್ಲಿ ಸುರುಳಿ ಸುತ್ತಿಕೊಂಡ ಸರಪಳಿಯ ಗಾತ್ರವನ್ನು. ಆ ಗಾತ್ರವನ್ನು ತೂಕ ಗೊತ್ತಿರುವ ಪಾಲಿಸ್ಟೈರೀನ್ ಜೊತೆ ಹೋಲಿಸಿ ಸಂಖ್ಯೆ ಕೊಡುತ್ತಾರೆ. ನಿಮ್ಮ ಪಾಲಿಮರ್ ಪಾಲಿಸ್ಟೈರೀನ್ ಅಲ್ಲದಿದ್ದರೆ ಆ ಸಂಖ್ಯೆ ಅಂದಾಜು ಮಾತ್ರ. ಸರಪಳಿಯ ತುದಿಯಲ್ಲಿ ಏನಿದೆ ಅಂತ ಅದು ಹೇಳುವುದೇ ಇಲ್ಲ.

ತುದಿ ಯಾಕೆ ಅಷ್ಟು ಮುಖ್ಯ? ನಡುವಿನ ಕೊಂಡಿಗಳೆಲ್ಲ ಒಂದೇ ಥರ, ಅವುಗಳಿಂದ ಹೊಸದೇನೂ ತಿಳಿಯುವುದಿಲ್ಲ. ಸರಪಳಿ ಯಾವುದರಿಂದ ಶುರುವಾಯಿತು, ಹೇಗೆ ನಿಂತಿತು, ನಡುವೆ ತೇವ ಸೇರಿಕೊಂಡಿತಾ, ಇದೆಲ್ಲ ಉಳಿಯುವುದು ತುದಿಯಲ್ಲಿ. ಅದನ್ನು ಓದಲು ಒಂದೊಂದು ಸರಪಳಿಯನ್ನೂ ಬೇರೆ ಬೇರೆಯಾಗಿ ತೂಗಬೇಕು. ಮಾಸ್ ಸ್ಪೆಕ್ಟ್ರೋಮೀಟರ್ ಮಾಡುವುದು ಅದನ್ನೇ.

ಆದರೆ ಮಾಸ್ ಸ್ಪೆಕ್ಟ್ರೋಮೀಟರ್ ತೂಗಬೇಕೆಂದರೆ ಅಣು ನಿರ್ವಾತದಲ್ಲಿ ಒಂಟಿಯಾಗಿ ಹಾರಬೇಕು, ಮೇಲಾಗಿ ಅದಕ್ಕೆ ವಿದ್ಯುದಾವೇಶ ಇರಬೇಕು. ಪಾಲಿಮರ್ ಆವಿಯಾಗುವ ಜಾತಿಯದಲ್ಲ. ಬಿಸಿ ಮಾಡಿದರೆ ಹಾರುವ ಮೊದಲೇ ತುಂಡಾಗುತ್ತದೆ. ಅಮೆರಿಕದ ಮಾಲ್ಕಮ್ ಡೋಲ್ 1968ರಲ್ಲೇ ಪಾಲಿಸ್ಟೈರೀನ್ ದ್ರಾವಣವನ್ನು ಆವೇಶ ಕೊಟ್ಟ ಸೂಕ್ಷ್ಮ ಹನಿಗಳಾಗಿ ಸಿಂಪಡಿಸಿ ಈ ಗೋಡೆ ದಾಟಲು ನೋಡಿದರು. ಆ ದಾರಿಯನ್ನು ಗಟ್ಟಿ ಮಾಡಿದವರು ಜಾನ್ ಫೆನ್, 1980ರ ದಶಕದಲ್ಲಿ. ಅದೇ ಹೊತ್ತಿಗೆ ಜಪಾನಿನ ಕ್ಯೋಟೋದಲ್ಲಿ ಶಿಮಾಡ್ಜು ಕಂಪನಿಯ ಎಂಜಿನಿಯರ್ ಕೊಯಿಚಿ ತನಾಕ ಅತಿ ನಯವಾದ ಕೋಬಾಲ್ಟ್ ಪುಡಿಯನ್ನು ಗ್ಲಿಸರಿನ್‌ನಲ್ಲಿ ಕಲಸಿ, ಅದರಲ್ಲಿ ದೊಡ್ಡ ಅಣುಗಳನ್ನು ಬೆರೆಸಿ ಲೇಸರ್ ಹೊಡೆದರು. ಅಣುಗಳು ಒಡೆಯದೆ ಎದ್ದವು. ಗ್ಲಿಸರಿನ್ ಅವರು ಬೇಕೆಂದು ಹಾಕಿದ್ದಲ್ಲ, ಕೈತಪ್ಪಿ ಬಿದ್ದದ್ದು. ಪುಡಿ ದುಬಾರಿ, ಬಿಸಾಡುವುದು ಬೇಡ ಅಂತ ಅದನ್ನೇ ಬಳಸಿ ನೋಡಿದರು. ತನಾಕ ಮತ್ತು ಫೆನ್ ಇಬ್ಬರಿಗೂ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. ಪ್ರೋಟೀನ್ ತೂಗಿದ್ದಕ್ಕೆ ಬಂದ ಬಹುಮಾನ ಅಂತಲೇ ಎಲ್ಲರೂ ಹೇಳುತ್ತಾರೆ, ಆದರೆ ತನಾಕ ಅವರ 1988ರ ಪ್ರಬಂಧದ ಶೀರ್ಷಿಕೆಯಲ್ಲಿ ಪ್ರೋಟೀನ್ ಪಕ್ಕದಲ್ಲೇ ಪಾಲಿಮರ್ ಕೂಡ ಇದೆ, ಒಳಗೆ ಪೆಗ್ ಅಳೆದದ್ದೂ ಇದೆ. ಪಾಲಿಮರ್ ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇವತ್ತು ಲ್ಯಾಬುಗಳಲ್ಲಿ ಇರುವುದು ಜರ್ಮನಿಯ ಮೈಕೆಲ್ ಕರಾಸ್ ಮತ್ತು ಫ್ರಾಂಜ್ ಹಿಲೆನ್‌ಕಾಂಪ್ ಬೆಳೆಸಿದ ಮಾಲ್ಡಿ ವಿಧಾನ. ಕೋಬಾಲ್ಟ್ ಬದಲು ಲೇಸರ್ ಬೆಳಕನ್ನು ಚೆನ್ನಾಗಿ ಹೀರುವ ಒಂದು ಸಣ್ಣ ಸಾವಯವ ವಸ್ತುವನ್ನು ಬಳಸುತ್ತಾರೆ. ಇದಕ್ಕೆ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಪಾಲಿಮರ್‌ಗಳಿಗೆ ಹೆಚ್ಚಾಗಿ ಡಿಥ್ರನಾಲ್ ಅಥವಾ ಡಿಸಿಟಿಬಿ. ಕೆಲಸ ಹೀಗೆ ನಡೆಯುತ್ತದೆ. ಪಾಲಿಮರ್ ಒಂದು ಸೀಸೆಯಲ್ಲಿ, ಮ್ಯಾಟ್ರಿಕ್ಸ್ ಇನ್ನೊಂದರಲ್ಲಿ, ಒಂದು ಉಪ್ಪು ಮೂರನೆಯದರಲ್ಲಿ ಕರಗಿಸಿಕೊಳ್ಳಬೇಕು. ಮ್ಯಾಟ್ರಿಕ್ಸ್ ಪಾಲಿಮರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವ ಹಾಗೆ ಮೂರನ್ನೂ ಬೆರೆಸಿ, ಉಕ್ಕಿನ ತಟ್ಟೆಯ ಮೇಲೆ ಒಂದು ಮೈಕ್ರೋಲೀಟರ್ ಹನಿ ಇಟ್ಟು ಒಣಗಿಸಬೇಕು. ಆ ಚುಕ್ಕಿಯನ್ನು ಉಪಕರಣದೊಳಗೆ ಇಟ್ಟು ಗಾಳಿ ಎಳೆದ ಮೇಲೆ ಲೇಸರ್ ಹೊಡೆಯುತ್ತದೆ. ಏಟು ತಿನ್ನುವುದು ಮ್ಯಾಟ್ರಿಕ್ಸ್. ಅದು ಭುಗ್ಗೆಂದು ಆವಿಯಾಗುವಾಗ ತನ್ನೊಳಗೆ ಹುದುಗಿದ್ದ ಸರಪಳಿಗಳನ್ನೂ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ.

ಉಪ್ಪು ಯಾಕೆ ಅಂದರೆ ಆವೇಶಕ್ಕೆ. ಪೆಗ್‌ನಲ್ಲಿ ಸಾಲು ಸಾಲು ಆಕ್ಸಿಜನ್‌ಗಳಿವೆ, ಅವು ಒಂದು ಸೋಡಿಯಂ ಅಯಾನನ್ನು ಸುತ್ತಿ ಹಿಡಿದುಕೊಳ್ಳುತ್ತವೆ. ಎಷ್ಟು ಚೆನ್ನಾಗಿ ಅಂದರೆ ಸೋಡಿಯಂ ಉಪ್ಪು ಹಾಕುವುದನ್ನು ಮರೆತರೂ ಗಾಜಿನ ಸೀಸೆಯಿಂದ ಜಾರಿ ಬಂದ ಚೂರು ಸೋಡಿಯಂ ಎಷ್ಟೋ ಸಲ ಸಾಕಾಗುತ್ತದೆ. ಪಾಲಿಸ್ಟೈರೀನ್‌ನಲ್ಲಿ ಆಕ್ಸಿಜನ್ ಇಲ್ಲ, ಆದರೆ ಬೆಂಜೀನ್ ಉಂಗುರಗಳಿವೆ, ಅವಕ್ಕೆ ಬೆಳ್ಳಿಯ ಅಯಾನು ಒಗ್ಗುತ್ತದೆ. ಹಾಗಾಗಿ ಅಲ್ಲಿ ಬೆಳ್ಳಿಯ ಉಪ್ಪು ಹಾಕುತ್ತಾರೆ.

ಮುಂದಿನದು ಓಟ. 20,000 ವೋಲ್ಟ್ ಕೊಟ್ಟು ಎಲ್ಲ ಅಯಾನುಗಳನ್ನೂ ಒಂದು ಖಾಲಿ ಕೊಳವೆಯೊಳಗೆ ತಳ್ಳುತ್ತಾರೆ. ಎಲ್ಲಕ್ಕೂ ಸಿಗುವ ಶಕ್ತಿ ಒಂದೇ, ಹಾಗಾಗಿ ಹಗುರಾದವು ಮುಂದೆ, ಭಾರದವು ಹಿಂದೆ. 2000 ತೂಕದ ಸರಪಳಿಯ ವೇಗ ಸೆಕೆಂಡಿಗೆ ಸುಮಾರು 44 ಕಿಲೋಮೀಟರ್. ಒಂದು ಮೀಟರ್ ಕೊಳವೆ ದಾಟಲು ಅದಕ್ಕೆ 23 ಮೈಕ್ರೋಸೆಕೆಂಡ್ ಬೇಕು. ಅದಕ್ಕಿಂತ ಒಂದೇ ಒಂದು ಕೊಂಡಿ ಜಾಸ್ತಿ ಇರುವ ಸರಪಳಿ ಕಾಲು ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ, ಅದರಲ್ಲಿ ಕಾಲು! ಇಂದಿನ ಎಲೆಕ್ಟ್ರಾನಿಕ್ಸ್‌ಗೆ ಅಷ್ಟು ವ್ಯತ್ಯಾಸ ಧಾರಾಳವಾಯಿತು.

ಕಂಪ್ಯೂಟರ್ ಪರದೆ ಮೇಲೆ ಬರುವುದು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ನಿಂತ ಪೀಕ್‌ಗಳು. ಎರಡು ಪೀಕ್‌ಗಳ ನಡುವಿನ ಅಂತರ 44.03 ಇದ್ದರೆ ಪೆಗ್, 104.06 ಇದ್ದರೆ ಪಾಲಿಸ್ಟೈರೀನ್, 74.02 ಇದ್ದರೆ ಸಿಲಿಕೋನ್, 100.05 ಇದ್ದರೆ ಅಕ್ರಿಲಿಕ್ ಹಾಳೆ ಮಾಡುವ ಪಿಎಂಎಂಎ. ಬರೀ ಅಂತರ ನೋಡಿದರೇ ಯಾವ ಪಾಲಿಮರ್ ಇರಬಹುದು ಅಂತ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾಗುವ ಲೆಕ್ಕ ಇದರ ಮುಂದಿನದು. ಒಂದು ಪೀಕ್ 2022.18ರಲ್ಲಿ ಇದೆ ಅನ್ನಿ. ಅದರಲ್ಲಿ ಅಂಟಿಕೊಂಡಿರುವ ಸೋಡಿಯಂ 22.99 ಕಳೆಯಿರಿ, 1999.19 ಉಳಿಯುತ್ತದೆ. ಇದರಲ್ಲಿ 44.0262ರ ಕೊಂಡಿಗಳು ಎಷ್ಟು ಹಿಡಿಸುತ್ತವೆ? 45. ಅವುಗಳ ತೂಕ 1981.18. ಕಳೆದರೆ ಶೇಷ 18.01. ಅದು ಒಂದು ಹೈಡ್ರೋಜನ್ ಮತ್ತು ಒಂದು ಓಎಚ್ ಸೇರಿದ ತೂಕ. ಅಂದರೆ ಸರಪಳಿಯ ಒಂದು ತುದಿಗೆ ಹೈಡ್ರೋಜನ್, ಇನ್ನೊಂದಕ್ಕೆ ಓಎಚ್. ಮೂರನೇ ಕ್ಲಾಸಿನ ಭಾಗಾಕಾರದಲ್ಲಿ ಬರುವ ಶೇಷವೇ ಇಲ್ಲಿ ಸರಪಳಿಯ ಹುಟ್ಟನ್ನು ಹೇಳುತ್ತಿದೆ.

ಆದರೆ ಇಲ್ಲಿ ಆತುರಪಡಬಾರದು. ಅಂಟಿಕೊಂಡಿರುವುದು ಸೋಡಿಯಂ ಅಂತ ನಾವು ಸುಮ್ನೆ ಅಂದುಕೊಂಡೆವು. ಅದು ಪೊಟ್ಯಾಸಿಯಂ ಆಗಿದ್ದರೆ? ಅದರ ತೂಕ 38.96. ಆಗ ಶೇಷ 2.04. ಎಥನಾಲ್‌ನಿಂದ ಶುರುವಾದ ಪೆಗ್ ಸರಪಳಿಯ ಶೇಷ 2.02. ಎಷ್ಟು ಹತ್ತಿರ ನೋಡಿ! ಅಂದರೆ ಅದೇ ಪೀಕ್‌ಗೆ ಎರಡು ಬೇರೆ ಬೇರೆ ಕಥೆಗಳು ಹೊಂದುತ್ತವೆ, ಎರಡರ ನಡುವಿನ ವ್ಯತ್ಯಾಸ ಬರೀ 0.02. ಉಪಕರಣದ ಕ್ಯಾಲಿಬ್ರೇಶನ್ ಚೂರು ಆಚೀಚೆಯಾಗಿದ್ದರೂ ತಪ್ಪು ಕಥೆಯನ್ನು ನಂಬಿಬಿಡುತ್ತೇವೆ. ಇದಕ್ಕೆ ಕೋಟಿಗಟ್ಟಲೆ ಬೆಲೆಯ ಉಪಕರಣವೇನೂ ಬೇಡ, ಒಂದು ಚಿಟಿಕೆ ಲಿಥಿಯಂ ಉಪ್ಪು ಸಾಕು. ಸೋಡಿಯಂ ಬದಲು ಲಿಥಿಯಂ ಅಂಟಿಕೊಂಡರೆ ಪೀಕ್ 16ರಷ್ಟು ಕೆಳಗಿಳಿಯುತ್ತದೆ. ಮೊದಲು ಇದ್ದದ್ದು ಪೊಟ್ಯಾಸಿಯಂ ಆಗಿದ್ದರೆ 32ರಷ್ಟು ಇಳಿಯುತ್ತದೆ. ಈಗ ಅನುಮಾನಕ್ಕೆ ಜಾಗವೇ ಇಲ್ಲ. ಉಪ್ಪು ಬದಲಾಯಿಸಿ ಎರಡನೇ ಸಲ ಅಳೆಯದೆ ತುದಿಯ ಬಗ್ಗೆ ಖಡಾಖಂಡಿತ ಹೇಳುವ ವರದಿಗಳನ್ನು ನಾನು ನಂಬುವುದಿಲ್ಲ.

ತುದಿ ತಿಳಿದು ಏನಾಗಬೇಕು ಅಂತ ಕೇಳುವವರಿಗೆ ಔಷಧದ ಉದಾಹರಣೆ ಕೊಡುತ್ತೇನೆ. ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಂಡವರಲ್ಲಿ ಬಿಳಿ ರಕ್ತಕಣ ಕುಸಿಯದಂತೆ ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಹೆಸರಿನಲ್ಲೇ ಪೆಗ್ ಇದೆ. ಒಂದು ಪ್ರೋಟೀನಿನ ತುದಿಗೆ ಸುಮಾರು 20,000 ತೂಕದ ಪೆಗ್ ಸರಪಳಿ ಅಂಟಿಸಿರುತ್ತಾರೆ, ಆಗ ಅದು ದೇಹದಲ್ಲಿ ಜಾಸ್ತಿ ದಿನ ಉಳಿಯುತ್ತದೆ. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ತಂದ ಇದರ ಬಯೋಸಿಮಿಲರ್‌ಗೆ, ಅಂದರೆ ಮೂಲ ಔಷಧವನ್ನೇ ಹೋಲುವ ಇನ್ನೊಂದು ಕಂಪನಿಯ ಔಷಧಕ್ಕೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಇಂಥ ಔಷಧಕ್ಕೆ ಬಳಸುವ ಪೆಗ್‌ನ ಒಂದು ತುದಿಯನ್ನು ಮೀಥೈಲ್ ಗುಂಪಿನಿಂದ ಮುಚ್ಚಿರುತ್ತಾರೆ, ಪ್ರೋಟೀನಿಗೆ ಅಂಟುವುದು ಇನ್ನೊಂದು ತುದಿ ಮಾತ್ರ. ಆದರೆ ಸರಪಳಿ ಬೆಳೆಸುವಾಗ ಪಾತ್ರೆಯಲ್ಲಿ ನೀರಿನ ಪಸೆ ಇದ್ದರೆ ಆ ನೀರಿನಿಂದಲೂ ಸರಪಳಿಗಳು ಹುಟ್ಟುತ್ತವೆ. ಅವುಗಳ ಎರಡು ತುದಿಯೂ ಬಿಚ್ಚಿಯೇ ಇರುತ್ತವೆ, ಎರಡೂ ಕಡೆ ಬೆಳೆಯುವುದರಿಂದ ಉದ್ದವೂ ಸುಮಾರು ಎರಡರಷ್ಟಾಗುತ್ತದೆ. ಅಂಥ ಸರಪಳಿ ಎರಡು ಪ್ರೋಟೀನುಗಳನ್ನು ಒಂದಕ್ಕೊಂದು ಗಂಟು ಹಾಕಬಲ್ಲದು. ಔಷಧದಲ್ಲಿ ಅದು ಇರಬಾರದ ವಸ್ತು.

ಚಿಕ್ಕ ಪೆಗ್‌ನಲ್ಲಿ ಇದನ್ನು ನೇರವಾಗಿ ನೋಡಬಹುದು. ಮೀಥೈಲ್ ಮುಚ್ಚಿದ ಸರಪಳಿಯ ಶೇಷ 32.03, ನೀರಿನಿಂದ ಹುಟ್ಟಿದ್ದರ ಶೇಷ 18.01. ಅಂದರೆ ದೊಡ್ಡ ಪೀಕ್‌ಗಳ ಪಕ್ಕದಲ್ಲಿ 14ರಷ್ಟು ಹಿಂದೆ ಇನ್ನೊಂದು ಪುಟ್ಟ ಸಾಲು ಕಾಣುತ್ತದೆ. ಇಲ್ಲೂ ಒಂದು ಸೂಕ್ಷ್ಮವಿದೆ. 45 ಕೊಂಡಿಯ ಸರಪಳಿಯಲ್ಲಿ 90ಕ್ಕೂ ಹೆಚ್ಚು ಕಾರ್ಬನ್‌ಗಳಿವೆ. ನಿಸರ್ಗದಲ್ಲಿ ನೂರು ಕಾರ್ಬನ್‌ಗೆ ಸುಮಾರು ಒಂದು, 12ರ ಬದಲು 13 ತೂಗುತ್ತದೆ. ಹಾಗಾಗಿ ಪ್ರತಿ ಪೀಕ್ ಒಂದೇ ಕಡ್ಡಿಯಲ್ಲ, ಒಂದೊಂದೇ ತೂಕ ಹೆಚ್ಚುತ್ತಾ ಹೋಗುವ ಗೊಂಚಲು. ಈ ಗಾತ್ರದಲ್ಲಿ ಗೊಂಚಲಿನ ಮೊದಲ ಎರಡು ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಎತ್ತರ. ಮೀಥೈಲ್ ಮುಚ್ಚಿದ ಸರಪಳಿ ಸೋಡಿಯಂ ಜೊತೆ 2036.19ರಲ್ಲಿ ಶುರುವಾದರೆ ಅದರ ಮೂರನೇ ಕಡ್ಡಿ 2038.20ರಲ್ಲಿ ಬರುತ್ತದೆ. ನಮಗೆ ಬೇಡವಾದ ಸರಪಳಿ ಪೊಟ್ಯಾಸಿಯಂ ಹಿಡಿದು ಬಂದರೆ ಅದು ಕೂರುವ ಜಾಗ 2038.15. ಎರಡೂ ಒಂದರ ಮೇಲೊಂದು ಬಿದ್ದು ಕಲ್ಮಶ ಪೂರ್ತಿ ಮರೆಯಾಗಬಹುದು. ಸೋಡಿಯಂ ಉಪ್ಪನ್ನು ಧಾರಾಳವಾಗಿ ಹಾಕಿ ಪೊಟ್ಯಾಸಿಯಂಗೆ ಅವಕಾಶ ಕೊಡದಿದ್ದರೆ ಅದು 2022.18ಕ್ಕೆ ಬಂದು ಒಂಟಿಯಾಗಿ ನಿಲ್ಲುತ್ತದೆ.

20,000 ತೂಕಕ್ಕೆ ಹೋದಾಗ ಈ ಸುಖ ಇರುವುದಿಲ್ಲ. ಗೊಂಚಲುಗಳು ಅಗಲವಾಗಿ ಒಂದಕ್ಕೊಂದು ಸೇರಿಕೊಂಡು ಗುಡ್ಡದಂತೆ ಕಾಣತೊಡಗುತ್ತವೆ, ತುದಿಯ 14ರ ವ್ಯತ್ಯಾಸ ಅದರಲ್ಲಿ ಮುಳುಗುತ್ತದೆ. ಆದರೆ ಎರಡರಷ್ಟು ಉದ್ದದ ಸರಪಳಿಗಳು 40,000ದ ಹತ್ತಿರ ಇನ್ನೊಂದು ಚಿಕ್ಕ ಗುಡ್ಡವಾಗಿ ಕಾಣಿಸಿಕೊಳ್ಳಬಹುದು.

ಶೇಷ ಸೊನ್ನೆ ಬರುವ ಪ್ರಸಂಗವೂ ಇದೆ. ತುದಿಯೇ ಇಲ್ಲ ಅಂದರೆ ಸರಪಳಿ ಉಂಗುರವಾಗಿದೆ. ಪಾಲಿಯೆಸ್ಟರ್ ಬಟ್ಟೆಯಲ್ಲಿ ಇದು ಮಾಮೂಲು. ಆ ಬಟ್ಟೆಯ ಪಾಲಿಮರ್ ಹೆಸರು ಪಿಇಟಿ. ಅದರ ಒಂದು ಕೊಂಡಿ 192.04, ಮೂರು ಕೊಂಡಿ ಸೇರಿದ ಉಂಗುರ 576.13, ಸೋಡಿಯಂ ಜೊತೆ 599.12. ಅದೇ ಮೂರು ಕೊಂಡಿ ಬಿಚ್ಚಿಕೊಂಡ ಸರಪಳಿಯಾಗಿದ್ದರೆ 617.13. ಪಾಲಿಯೆಸ್ಟರ್‌ಗೆ 130 ಡಿಗ್ರಿಯ ಹತ್ತಿರ ಬಣ್ಣ ಹಾಕುವಾಗ ಈ ಉಂಗುರಗಳು ನೂಲಿನಿಂದ ಹೊರಬಂದು, ತಣ್ಣಗಾಗುವಾಗ ನೂಲಿನ ಮೇಲೂ ಮೆಶೀನಿನ ಒಳಗೂ ಬಿಳಿ ಪುಡಿಯಾಗಿ ಕೂರುತ್ತವೆ. ಡೈಯಿಂಗ್ ಮಾಡುವವರಿಗೆ ಈ ಬಿಳಿ ಪುಡಿಯ ಕಾಟ ಚೆನ್ನಾಗಿ ಗೊತ್ತು. ಅದು ಸುಣ್ಣವೋ ಉಂಗುರವೋ ಅಂತ ಒಂದೇ ಚುಕ್ಕಿಯಲ್ಲಿ ತೀರ್ಮಾನವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇದರ ದೊಡ್ಡ ಕೊರತೆಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮಾಸ್ ಸ್ಪೆಕ್ಟ್ರಮ್ ಏನೇನಿದೆ ಅಂತ ಚೆನ್ನಾಗಿ ಹೇಳುತ್ತದೆ, ಎಷ್ಟೆಷ್ಟಿದೆ ಅಂತ ಹೇಳುವಾಗ ಎಡವುತ್ತದೆ. ಪೀಕ್ ಎತ್ತರವಾಗಿದೆ ಅಂದಮಾತ್ರಕ್ಕೆ ಆ ಸರಪಳಿ ಜಾಸ್ತಿ ಇದೆ ಅಂತಲ್ಲ. ಭಾರದ ಸರಪಳಿಗಳು ತಟ್ಟೆಯಿಂದ ಏಳುವುದೇ ಕಷ್ಟ. ಎದ್ದರೂ ನಿಧಾನವಾಗಿ ಬಂದು ಬಡಿಯುವುದರಿಂದ ಡಿಟೆಕ್ಟರ್ ಅವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಮುಂಚೆ ಬಂದ ಹಗುರ ಅಯಾನುಗಳ ಹೊಡೆತಕ್ಕೆ ಅದು ದಣಿದೂ ಇರುತ್ತದೆ. ಡಿಸ್ಪರ್ಸಿಟಿ 1.2ರೊಳಗೆ ಇದ್ದರೆ ಸರಾಸರಿಗಳನ್ನು ಒಂದು ಮಟ್ಟಿಗೆ ನಂಬಬಹುದು. 2ರ ಆಸುಪಾಸಿನ ಪಾಲಿಮರನ್ನು ಹಾಗೇ ಹಾಕಿದರೆ ಭಾರದವೆಲ್ಲ ಮಾಯವಾಗಿ, ಸರಾಸರಿ ನಿಜಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ನಮ್ಮ ಸುತ್ತಲಿನ ಬಕೆಟ್ಟು, ನೂಲು, ಬಾಟಲಿಯ ಪ್ಲಾಸ್ಟಿಕ್ಕುಗಳು ಹೆಚ್ಚಿನಂಶ ಇಷ್ಟು ಚದುರಿದವೇ, ಇನ್ನೂ ಜಾಸ್ತಿ ಚದುರಿದವೂ ಇವೆ. ದಾರಿ ಇದೆ: ಮೊದಲು ಜಿಪಿಸಿಯಲ್ಲಿ ಹರಿಸಿ, ಹೊರಬರುವುದನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಹಿಡಿದು, ಪ್ರತಿ ಪಾಲನ್ನೂ ಮಾಲ್ಡಿಯಲ್ಲಿ ತೂಗುವುದು. ಒಂದೊಂದು ಪಾಲೂ ಕಿರಿದಾಗಿರುವುದರಿಂದ ತೂಕ ನಿಖರವಾಗಿ ಬರುತ್ತದೆ, ಅದನ್ನೇ ಇಟ್ಟುಕೊಂಡು ಜಿಪಿಸಿಯ ಅಂದಾಜನ್ನೂ ತಿದ್ದಬಹುದು. ಎರಡು ಉಪಕರಣಗಳಲ್ಲಿ ಯಾವುದು ಮೇಲು ಅನ್ನುವ ವಾದದಲ್ಲಿ ನನಗೆ ಆಸಕ್ತಿ ಇಲ್ಲ, ಎರಡೂ ಬೇಕು.

ಎಲೆಕ್ಟ್ರೋಸ್ಪ್ರೇ, ಅಂದರೆ ಫೆನ್ ಅವರ ದಾರಿ, ಪಾಲಿಮರ್‌ಗೆ ಸ್ವಲ್ಪ ತಲೆನೋವು ತರುತ್ತದೆ. ಅದರಲ್ಲಿ ಒಂದೇ ಸರಪಳಿ ಒಂದು, ಎರಡು, ಮೂರು ಸೋಡಿಯಂ ಹಿಡಿದು ಬೇರೆ ಬೇರೆ ಜಾಗದಲ್ಲಿ ಕಾಣಿಸುತ್ತದೆ. ಎರಡು ಆವೇಶ ಇದ್ದರೆ ಪೆಗ್‌ನ ಅಂತರ 44 ಅಲ್ಲ, 22. ನೂರಾರು ಸರಪಳಿಗಳು, ಪ್ರತಿಯೊಂದಕ್ಕೂ ನಾಲ್ಕಾರು ವೇಷ ಅಂದರೆ ಪರದೆ ತುಂಬಾ ಕಾಡು. ಇಂಥ ಕಾಡನ್ನು ಬಿಡಿಸಲು ಎಡ್ವರ್ಡ್ ಕೆಂಡ್ರಿಕ್ 1963ರಲ್ಲಿ ತೋರಿಸಿದ ಒಂದು ಉಪಾಯ ಈಗ ಮತ್ತೆ ಬಳಕೆಗೆ ಬಂದಿದೆ. ಕೊಂಡಿಯ ತೂಕ 44.0262 ಅನ್ನು ಸರಿಯಾಗಿ 44 ಅಂತ ಇಟ್ಟುಕೊಂಡು ಎಲ್ಲ ತೂಕಗಳನ್ನೂ ಅದೇ ಅಳತೆಗೆ ಬದಲಾಯಿಸಿ, ದಶಾಂಶದ ಭಾಗವನ್ನು ಗ್ರಾಫ್‌ನಲ್ಲಿ ಹಾಕುವುದು. ಒಂದೇ ತುದಿಯ ಸರಪಳಿಗಳೆಲ್ಲ ಒಂದೇ ಅಡ್ಡಗೆರೆಯ ಮೇಲೆ ಬಂದು ನಿಲ್ಲುತ್ತವೆ, ತುದಿ ಬೇರೆಯಾದರೆ ಗೆರೆಯೂ ಬೇರೆ. ಕಣ್ಣಳತೆಯಲ್ಲೇ ಕಲ್ಮಶ ಎದ್ದು ಕಾಣುತ್ತದೆ.

ಇನ್ನು ಹಾರಲು ಒಪ್ಪದವು. ಪಾಲಿಥೀನ್‌ನಲ್ಲಿ ಸೋಡಿಯಂ ಆಗಲಿ ಬೆಳ್ಳಿಯಾಗಲಿ ಹಿಡಿದುಕೊಳ್ಳಲು ಏನೂ ಇಲ್ಲ. ಟೈರಿನ ರಬ್ಬರು ಕರಗುವುದೇ ಇಲ್ಲ. ಇವಕ್ಕೆ ನೇರ ದಾರಿ ಬಿಟ್ಟು, ಸುಮಾರು 600 ಡಿಗ್ರಿಗೆ ದಿಢೀರ್ ಬಿಸಿ ಮಾಡಿ ಒಡೆದು, ಹೊರಬಂದ ಚೂರುಗಳನ್ನು ಗ್ಯಾಸ್ ಕ್ರೊಮಾಟೋಗ್ರಫಿಯಲ್ಲಿ ಬೇರ್ಪಡಿಸಿ ತೂಗುತ್ತಾರೆ. ನೈಲಾನ್ 6 ಕ್ಯಾಪ್ರೊಲ್ಯಾಕ್ಟಮ್ ಆಗಿ ಹೊರಬರುತ್ತದೆ, ತೂಕ 113. ಪಿವಿಸಿ ಮೊದಲು ಹೈಡ್ರೋಜನ್ ಕ್ಲೋರೈಡ್ ಬಿಟ್ಟುಕೊಟ್ಟು ಆಮೇಲೆ ಬೆಂಜೀನ್ ಕೊಡುತ್ತದೆ. ನೀರು, ಮಣ್ಣುಗಳಲ್ಲಿ ಸೇರಿದ ಮೈಕ್ರೋಪ್ಲಾಸ್ಟಿಕ್ ಯಾವುದು, ಎಷ್ಟು ಅಂತ ಹೇಳಲು ಈ ವಿಧಾನ ಬಹಳ ಬಳಕೆಯಲ್ಲಿದೆ. ಆದರೆ ಸರಪಳಿ ಎಷ್ಟುದ್ದ ಇತ್ತು, ತುದಿ ಏನಿತ್ತು ಅನ್ನುವುದು ಅಷ್ಟರಲ್ಲಿ ಸುಟ್ಟುಹೋಗಿರುತ್ತದೆ.

ನಿಮ್ಮದೇ ಸ್ಯಾಂಪಲ್ ಅನ್ನು ಹೊರಗಿನ ಲ್ಯಾಬಿಗೆ ಕಳಿಸುವವರಿದ್ದರೆ ಮೊದಲೇ ಜಿಪಿಸಿ ಮಾಡಿಸಿ ಡಿಸ್ಪರ್ಸಿಟಿ ಎಷ್ಟು ಅಂತ ಬರೆದು ಕಳಿಸಿ, ಯಾವ ದ್ರಾವಕದಲ್ಲಿ ಕರಗುತ್ತದೆ ಅಂತಲೂ ತಿಳಿಸಿ. ವರದಿ ಬಂದಾಗ ಯಾವ ಮ್ಯಾಟ್ರಿಕ್ಸ್, ಯಾವ ಉಪ್ಪು ಅಂತ ಬರೆದಿದ್ದಾರಾ ನೋಡಿ, ಬೇರೆ ಉಪ್ಪಿನಲ್ಲಿ ಇನ್ನೊಂದು ಸಲ ಅಳೆದಿದ್ದಾರಾ ಕೇಳಿ. ಬಣ್ಣದ ಚಿತ್ರವಿರುವ ಪಿಡಿಎಫ್ ಮಾತ್ರ ಸಾಲದು, ತೂಕ ಮತ್ತು ತೀವ್ರತೆಯ ಎರಡು ಕಾಲಂ ಇರುವ ಮೂಲ ಫೈಲನ್ನೂ ತರಿಸಿಕೊಳ್ಳಿ. ಶೇಷದ ಲೆಕ್ಕ ಹಾಕುವುದಕ್ಕೆ ಬೇಕಾದ ದಶಾಂಶಗಳು ಇರುವುದು ಅದರಲ್ಲೇ.